ಮೂಲೆ ತಿರುಗುವ ವಿದ್ಯೆ

ಗೋಡೆಯೂ ಮೇಲ್ಛಾವಣಿಯೂ ಸೇರುವ ಕಡೆ ಮರದ ಅಲಂಕಾರ ಪಟ್ಟಿಯೊಂದನ್ನು ಸುತ್ತಲೂ ಓಡಿಸುವುದು ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಿ ಹಳೆಯ ರೂಢಿ. ಅಮೆರಿಕದಲ್ಲಿ ಅದಕ್ಕೆ ಕ್ರೌನ್ ಮೋಲ್ಡಿಂಗ್ ಎನ್ನುತ್ತಾರೆ. ಗೋಡೆಗೆ ಇಟ್ಟ ಕಿರೀಟ ಎಂಬ ಅರ್ಥ. ಅಲ್ಲಿನ ಅಡುಗೆಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಕಪಾಟುಗಳ ನೆತ್ತಿಗೂ ಇದೇ ಪಟ್ಟಿಯನ್ನು ಸುತ್ತುವುದುಂಟು. ನೇರವಾದ ಗೋಡೆಯ ಮೇಲೆ ಇದನ್ನು ಕೂರಿಸುವುದು ದೊಡ್ಡ ಮಾತಲ್ಲ. ಉದ್ದ ಅಳೆದು, ಕೊಯ್ದು, ಮೊಳೆ ಹೊಡೆದರೆ ಮುಗಿಯಿತು. ಕಷ್ಟ ಎದುರಾಗುವುದು ಮೂಲೆಯಲ್ಲಿ.

ಎರಡು ತುಂಡುಗಳನ್ನು ತಲಾ 45 ಡಿಗ್ರಿಗೆ ಕೊಯ್ದು ಸೇರಿಸಿದರೆ 90 ಡಿಗ್ರಿಯ ಮೂಲೆ ತುಂಬುತ್ತದೆ ಎಂದು ಶಾಲೆಯ ಲೆಕ್ಕ ಹೇಳುತ್ತದೆ. ಅದನ್ನು ನಂಬಿ ಕೊಯ್ದವರು ಏಣಿ ಹತ್ತಿ ನೋಡಿದಾಗ ಎರಡು ತುಂಡುಗಳ ನಡುವೆ ಉಗುರು ತೂರುವಷ್ಟು ಸಂದಿ ಕಾಣುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕದಲ್ಲಿರುವ ಮೂಲೆ ಆ ಮನೆಯಲ್ಲಿಲ್ಲ. ಗೋಡೆ ಕಟ್ಟಿದವರ ಕೈಯಲ್ಲಿ ಅದು 91 ಆಗಿರಬಹುದು, 88 ಆಗಿರಬಹುದು. ಹೀಗೆ ಕಾಗದದ ಮೇಲಿನ ನಿಯಮವೂ ಕಟ್ಟಿದ ಮನೆಯೂ ಮುಖಾಮುಖಿಯಾಗುವ ಜಾಗ ಮೂಲೆ. ಆ ಜಗಳವನ್ನು ಬಗೆಹರಿಸುವ ವಿದ್ಯೆಗೆ ಎರಡೂವರೆ ಸಾವಿರ ವರ್ಷಗಳ ಚರಿತ್ರೆಯಿದೆ. ಅದರ ಹೆಚ್ಚಿನ ಭಾಗ ಪುಸ್ತಕಗಳಲ್ಲಿಲ್ಲ, ಕೆಲಸಗಾರರ ಕೈಯಲ್ಲಿದೆ.

ಗ್ರೀಕರಿಗೆ ಕಾಡಿದ ಮೂಲೆ

ಪಶ್ಚಿಮದ ಮನೆಗಳಲ್ಲಿ ಕಾಣುವ ಈ ಪಟ್ಟಿಗಳ ಉಬ್ಬು ತಗ್ಗುಗಳೆಲ್ಲ ಗ್ರೀಕರ, ರೋಮನ್ನರ ದೇವಾಲಯಗಳಿಂದ ಬಂದವು. ಅರ್ಧವೃತ್ತದ ಉಬ್ಬು, ಕಾಲುವೃತ್ತದ ತಗ್ಗು, ಒಮ್ಮೆ ಉಬ್ಬಿ ಒಮ್ಮೆ ತಗ್ಗುವ ಅಲೆಯಂಥ ರೇಖೆ, ನಡುನಡುವೆ ಚಪ್ಪಟೆಯ ಅಂಚು, ಇಷ್ಟೇ ಅದರ ಅಕ್ಷರಮಾಲೆ. ಇವುಗಳ ಕೆಲಸ ಬರೀ ಅಲಂಕಾರವಾಗಿರಲಿಲ್ಲ. ಮುಂದಕ್ಕೆ ಚಾಚಿದ ಕಾರ್ನಿಸು ಮಳೆನೀರನ್ನು ಗೋಡೆಯಿಂದ ದೂರಕ್ಕೆ ಹಾಯಿಸುತ್ತಿತ್ತು. ಉಬ್ಬುತಗ್ಗುಗಳ ಮೇಲೆ ಬೀಳುವ ಬಿಸಿಲು ನೆರಳಿನ ಗೆರೆಗಳನ್ನು ಎಳೆದು, ಕಟ್ಟಡದ ಯಾವ ಭಾಗ ಎಲ್ಲಿ ಮುಗಿಯಿತು ಎಂದು ದೂರದಿಂದಲೇ ತೋರಿಸುತ್ತಿತ್ತು.

ಗ್ರೀಕರ ಡೋರಿಕ್ ಶೈಲಿಯಲ್ಲಿ ಕಂಬಗಳ ಮೇಲಿನ ತೊಲೆಯನ್ನು ದಾಟಿದರೆ ಒಂದು ಅಲಂಕಾರದ ಸಾಲು ಬರುತ್ತದೆ. ಅದರಲ್ಲಿ ಮೂರು ಗೀರುಗಳ ಫಲಕ ಒಂದು, ಚೌಕದ ಫಲಕ ಒಂದು, ಹೀಗೆ ಸರದಿಯಂತೆ ಸಾಗುತ್ತದೆ. ಗೀರಿನ ಫಲಕಕ್ಕೆ ಟ್ರೈಗ್ಲಿಫ್ ಎಂದು ಹೆಸರು. ಇದಕ್ಕೆ ಎರಡು ನಿಯಮಗಳಿದ್ದವು. ಒಂದು, ಪ್ರತಿ ಕಂಬದ ನಡುಗೆರೆಯ ಮೇಲೆ ಒಂದು ಟ್ರೈಗ್ಲಿಫ್ ಇರಬೇಕು. ಎರಡು, ಸಾಲು ಮೂಲೆಯಲ್ಲಿ ಮುಗಿಯುವಾಗ ಟ್ರೈಗ್ಲಿಫ್‌ನಿಂದಲೇ ಮುಗಿಯಬೇಕು. ನೇರ ಸಾಲಿನಲ್ಲಿ ಎರಡೂ ನಿಯಮಗಳು ನೆಮ್ಮದಿಯಾಗಿ ಬಾಳುತ್ತವೆ. ಮೂಲೆಯಲ್ಲಿ ಮಾತ್ರ ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ. ಟ್ರೈಗ್ಲಿಫನ್ನು ಕಂಬದ ನಡುವಿಗೆ ಇಟ್ಟರೆ ಅಂಚಿನಲ್ಲಿ ಜಾಗ ಉಳಿಯುತ್ತದೆ. ಅಂಚಿಗೆ ಸರಿಸಿದರೆ ಕಂಬದ ನಡುಗೆರೆ ತಪ್ಪುವುದಲ್ಲದೆ, ಪಕ್ಕದ ಚೌಕ ಉಳಿದವುಗಳಿಗಿಂತ ಅಗಲವಾಗುತ್ತದೆ.

ಅಥೆನ್ಸಿನ ಪಾರ್ಥೆನಾನ್ ದೇವಾಲಯ ಕ್ರಿ.ಪೂ. 447ರಿಂದ 432ರ ನಡುವೆ ಕಟ್ಟಿದ್ದು. ಅದರ ಮೂಲೆಯ ಕಂಬಗಳು ಪಕ್ಕದ ಕಂಬಗಳಿಗೆ ಹೆಚ್ಚು ಹತ್ತಿರವಾಗಿ ನಿಂತಿವೆ. ಮೇಲಿನ ಸಾಲಿನ ಮೂಲೆ ಸರಿಹೋಗಲೆಂದು ಕೆಳಗಿನ ಕಂಬವನ್ನೇ ಒಳಕ್ಕೆ ಸರಿಸಿದರು. ನೋಡುವವರಿಗೆ ಇದು ತಟ್ಟನೆ ತಿಳಿಯುವುದಿಲ್ಲ, ಕಟ್ಟಡವೆಲ್ಲ ಒಂದೇ ಅಳತೆಯಲ್ಲಿದೆ ಎಂದೇ ಅನ್ನಿಸುತ್ತದೆ.

ಎಲ್ಲರೂ ಇಷ್ಟು ತಾಳ್ಮೆ ತೋರಲಿಲ್ಲ. ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಹರ್ಮೊಜೆನಿಸ್ ಎಂಬ ಗ್ರೀಕ್ ವಾಸ್ತುಶಿಲ್ಪಿ ಡೋರಿಕ್ ಶೈಲಿಯ ದೇವಾಲಯಕ್ಕೆಂದು ಅಮೃತಶಿಲೆ ಸಿದ್ಧಮಾಡಿಸಿದ್ದನಂತೆ. ಆಮೇಲೆ ಮನಸ್ಸು ಬದಲಿಸಿ, ಅದೇ ಕಲ್ಲಿನಲ್ಲಿ ಅಯೋನಿಕ್ ಶೈಲಿಯ ದೇವಾಲಯ ಕಟ್ಟಿದ. ಡೋರಿಕ್ ಚೆಲುವಾಗಿಲ್ಲವೆಂದಲ್ಲ, ಅದರ ಫಲಕಗಳ ಹಂಚಿಕೆಯಲ್ಲಿ ಈ ತೊಡಕು ಬಿಡದೆ ಕಾಡುತ್ತಿತ್ತು. ಮೂಲೆಗೆ ಹೆದರಿ ಶೈಲಿಯನ್ನೇ ಬಿಟ್ಟವನ ಕಥೆ ಇದು. ಆದರೆ ಅಯೋನಿಕ್‌ನಲ್ಲೂ ಮೂಲೆ ತಪ್ಪಲಿಲ್ಲ. ಅಯೋನಿಕ್ ಕಂಬದ ತಲೆಯ ಮೇಲೆ ಸುರುಳಿಗಳಿರುವುದು ಮುಂಭಾಗ, ಹಿಂಭಾಗಗಳಿಗೆ ಮಾತ್ರ. ಮೂಲೆಯ ಕಂಬಕ್ಕೆ ಎರಡು ಮುಂಭಾಗಗಳು. ಅಲ್ಲಿ ಎರಡೂ ಕಡೆಯ ಸುರುಳಿಗಳನ್ನು ಹೊರಕ್ಕೆ 45 ಡಿಗ್ರಿಗೆ ಬಾಗಿಸಿ ಒಂದುಗೂಡಿಸಿದರು. ಇಂದಿನ ಬಡಗಿ ಹಿಡಿಯುವ ಕೋನವನ್ನೇ ಅಂದು ಶಿಲ್ಪಿ ಕಲ್ಲಿನಲ್ಲಿ ಹಿಡಿದಿದ್ದ.

ಹೊಯ್ಸಳರ ಉತ್ತರ

ಅಡ್ಡಪಟ್ಟಿಗಳನ್ನು ಮೂಲೆ ತಿರುಗಿಸುವ ಈ ಪ್ರಶ್ನೆ ಕನ್ನಡ ನಾಡಿನ ಕಲ್ಲುಕೆಲಸದವರ ಮುಂದೆಯೂ ಇತ್ತು. ದೇವಾಲಯದ ಅಧಿಷ್ಠಾನ ಎಂದರೆ ಒಂದರ ಮೇಲೊಂದು ಇಟ್ಟ ಪಟ್ಟಿಗಳ ಕಟ್ಟು. ಉಪಾನ, ಜಗತಿ, ಕುಮುದ, ಕಂಠ, ಪಟ್ಟಿಕೆ, ಕಪೋತ ಎಂದು ಅವುಗಳಿಗೆ ಹೆಸರುಗಳಿವೆ. ಬಾಗಿ ಮುಂಚಾಚುವ ಕಪೋತವು ಹುಲ್ಲುಮನೆಯ ಸೂರಿನ ನೆನಪು ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಂದರೆ ಮಳೆನೀರು ಹಾಯಿಸುವ ಅಂಚೇ ಅಲಂಕಾರವಾದ ಕಥೆ ಇಲ್ಲಿಯೂ ಇದೆ.

ಗ್ರೀಕರು ಮೂಲೆಯನ್ನು ಸಂಕಟವೆಂದು ಕಂಡರು. ಹೊಯ್ಸಳ ಶಿಲ್ಪಿಗಳು ಮೂಲೆಗಳನ್ನು ಬೇಕೆಂದೇ ಹೆಚ್ಚಿಸಿದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ, ಹಳೇಬೀಡಿನಲ್ಲಿಯೂ, 1258ರ ಸೋಮನಾಥಪುರದಲ್ಲಿಯೂ ತಳವಿನ್ಯಾಸ ನಕ್ಷತ್ರದಂತೆ ಚಾಚುತ್ತ, ಹಿಂಜರಿಯುತ್ತ ಹೋಗುತ್ತದೆ. ಸೋಮನಾಥಪುರದ ಗರ್ಭಗುಡಿಗಳದು 16 ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸಮನಾಗಿ ತಿರುಗಿಸುತ್ತ ನಾಲ್ಕು ಸಲ ಎಳೆದರೆ ಇಂಥ ನಕ್ಷತ್ರ ಮೂಡುತ್ತದೆ. ಲೆಕ್ಕ ಹಾಕಿದರೆ ಅದರ ಪ್ರತಿ ಮೊನೆಯೂ 90 ಡಿಗ್ರಿ, ಎರಡು ಮೊನೆಗಳ ನಡುವಿನ ಒಳಮೂಲೆ 112.5 ಡಿಗ್ರಿ. ಪಟ್ಟಿಗಳು ಪ್ರತಿ ಮೊನೆಯಲ್ಲಿ ಹೊರಕ್ಕೂ, ಪ್ರತಿ ಸಂದಿನಲ್ಲಿ ಒಳಕ್ಕೂ ತಿರುಗಬೇಕು, ಎರಡೂ ಕಡೆ ಬೇರೆ ಬೇರೆ ಕೋನ. ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸಾಲು ಈ ಎಲ್ಲ ತಿರುವುಗಳನ್ನೂ ದಾಟಿ, ಎಲ್ಲಿಯೂ ಮಟ್ಟ ತಪ್ಪದೆ ಗುಡಿಯನ್ನು ಸುತ್ತುತ್ತವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕಟ್ಟಡ ಇದು ಎಂಬುದನ್ನು ಮರೆಯುವಂತಿಲ್ಲ.

ಕಲ್ಲಿನ ಕೆಲಸದಲ್ಲಿ ಒಂದು ಅನುಕೂಲವುಂಟು. ಮೂಲೆಯ ತಿರುವನ್ನು ಒಂದೇ ಕಲ್ಲಿನಲ್ಲಿ ಕಡೆದು, ಎರಡು ಕಲ್ಲುಗಳ ಕೂಡುಗೆರೆಯನ್ನು ಮೂಲೆಯಿಂದ ಆಚೆಗೆ, ನೇರ ಭಾಗಕ್ಕೆ ಒಯ್ಯಬಹುದು. ಯುರೋಪಿನ ಕಲ್ಲುಕುಟಿಗರು ಇದನ್ನು ನಿಯಮದಂತೆ ಪಾಲಿಸುತ್ತಿದ್ದರು. ತಿರುವಿನ ಗೆರೆಯಲ್ಲಿಯೇ ಕಲ್ಲನ್ನು ಕೂಡಿಸಿದರೆ ಅಂಚುಗಳು ಚೂಪಾಗಿ ಮುಕ್ಕಾಗುತ್ತವೆ ಎಂಬುದು ಅವರ ಅನುಭವ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದರಿಂದ ಇಂಥ ಸೂಕ್ಷ್ಮ ಕೆತ್ತನೆಗೆ ಒಗ್ಗುತ್ತಿತ್ತು. ಮರದವನಿಗೆ ಈ ಅನುಕೂಲವಿಲ್ಲ. ಪಟ್ಟಿ ಉದ್ದನೆಯ ಎಳೆಯಂತೆ ಬರುತ್ತದೆ. ಮೂಲೆಯಲ್ಲಿಯೇ ಕೊಯ್ಯಬೇಕು, ಮೂಲೆಯಲ್ಲಿಯೇ ಕೂಡಿಸಬೇಕು.

ಕುದುರೆ ತಲುಪದ ಜಾಗ

ರೋಮನ್ನರ ಪಟ್ಟಿಗಳು ಯುರೋಪಿನ ಪುನರುಜ್ಜೀವನದ ಕಾಲದಲ್ಲಿ ಮತ್ತೆ ಚಾಲ್ತಿಗೆ ಬಂದು, 18ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಶ್ರೀಮಂತರ ಮನೆಗಳ ಒಳಕ್ಕೆ ನಡೆದವು. ಹೊರಗಿನ ಕಲ್ಲಿನ ಕಾರ್ನಿಸು ಒಳಗೆ ಗಾರೆಯದಾಯಿತು. ಅದನ್ನು ಮಾಡುವ ಬಗೆ ಹೀಗೆ: ಬೇಕಾದ ಆಕಾರಕ್ಕೆ ಕತ್ತರಿಸಿದ ತಗಡನ್ನು ಮರದ ಚೌಕಟ್ಟಿಗೆ ಬಿಗಿಯುತ್ತಾರೆ. ಆ ಚೌಕಟ್ಟಿಗೆ ಕೆಲಸಗಾರರು ಇಟ್ಟ ಹೆಸರು ಕುದುರೆ. ಗೋಡೆಯ ನೆತ್ತಿಗೆ ಹಸಿ ಗಾರೆ ಮೆತ್ತಿ, ಅದರ ಮೇಲೆ ಕುದುರೆಯನ್ನು ಅತ್ತಿತ್ತ ಓಡಿಸಿದರೆ ಹೆಚ್ಚಾದದ್ದು ಕೆರೆದುಹೋಗಿ ಪಟ್ಟಿಯ ಆಕಾರ ಮೂಡುತ್ತದೆ.

ಆದರೆ ಕುದುರೆಗೆ ಅದರದೇ ಉದ್ದವಿದೆ. ಒಳಮೂಲೆಯ ಕೊನೆಯವರೆಗೆ ಅದು ಹೋಗಲಾರದು. ಎರಡು ಗೋಡೆಗಳ ಪಟ್ಟಿಗಳೂ ಮೂಲೆಗೆ ಒಂದಿಷ್ಟು ದೂರದಲ್ಲಿ ನಿಂತುಬಿಡುತ್ತವೆ. ಉಳಿದ ಭಾಗವನ್ನು ಕೈಯಿಂದ ಗಾರೆ ತುಂಬಿ, ಓರೆಯಾದ ಉಕ್ಕಿನ ಪಟ್ಟಿಯಿಂದ ತಿದ್ದಿ, ಎರಡು ಕಡೆಯ ಒಂದೊಂದು ಉಬ್ಬನ್ನೂ ಒಂದೊಂದು ತಗ್ಗನ್ನೂ ಕಣ್ಣಳತೆಯಲ್ಲಿ ಹುಡುಕಿ ಸೇರಿಸಬೇಕು. ಕುದುರೆ ಓಡಿಸುವುದನ್ನು ಬೇಗ ಕಲಿಯಬಹುದು. ಮೂಲೆ ತುಂಬುವುದು ಪಳಗಿದ ಕೈಯ ಕೆಲಸ.

ಸೀಸರ್ ಚೆಲರ್‌ನ ಹತ್ತರಿ

ಕಲ್ಲು, ಗಾರೆ ದುಬಾರಿಯಾದ ಕಡೆ, ಮರ ಹೇರಳವಾಗಿದ್ದ ಕಡೆ ಈ ಕೆಲಸ ಬಡಗಿಯ ಪಾಲಿಗೆ ಬಂತು. ಅಮೆರಿಕ ಅಂಥ ನಾಡು. ಅಲ್ಲಿ ಪಟ್ಟಿಯ ಆಕಾರವನ್ನು ಹತ್ತರಿಯಿಂದ ಹೆರೆಯುತ್ತಿದ್ದರು. ಒಂದೊಂದು ಆಕಾರಕ್ಕೂ ಒಂದೊಂದು ಹತ್ತರಿ, ಬಾಯಿಯ ಉಕ್ಕು ಆ ಆಕಾರಕ್ಕೆ ತಿದ್ದಿದ್ದು. ಕಾರ್ನಿಸಿನ ಅಗಲವಾದ ಪಟ್ಟಿಗೆ ಬೇಕಾದ ಹತ್ತರಿ ಎಷ್ಟು ದೊಡ್ಡದೆಂದರೆ ಒಬ್ಬನಿಂದ ತಳ್ಳಲಾಗುತ್ತಿರಲಿಲ್ಲ. ಯಜಮಾನ ಹಿಂದಿನಿಂದ ತಳ್ಳಿದರೆ, ಕೆಲಸ ಕಲಿಯುವ ಹುಡುಗ ಮುಂದಿನಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ.

ಹೆಸರು ಉಳಿದಿರುವ ಅಮೆರಿಕದ ಮೊದಮೊದಲ ಹತ್ತರಿ ತಯಾರಕರಲ್ಲಿ ಮ್ಯಾಸಚೂಸೆಟ್ಸ್‌ನ ರೆಂಥಮ್ ಊರಿನ ಫ್ರಾನ್ಸಿಸ್ ನಿಕೋಲ್ಸನ್ ಒಬ್ಬ. ಅವನ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದವನು ಸೀಸರ್ ಚೆಲರ್, ನಿಕೋಲ್ಸನ್‌ನ ಗುಲಾಮ. 1753ರಲ್ಲಿ ನಿಕೋಲ್ಸನ್ ತೀರಿಕೊಂಡಾಗ ಅವನ ಮರಣಪತ್ರದಂತೆ ಚೆಲರ್‌ಗೆ ಬಿಡುಗಡೆಯಾಯಿತು. ಕೆಲಸದ ಮೇಜು, ಉಪಕರಣಗಳು, ಒಂದಿಷ್ಟು ಜಮೀನೂ ಅವನಿಗೆ ಸಂದವು. ಅಂದಿನಿಂದ 1784ರಲ್ಲಿ ಸಾಯುವವರೆಗೆ ಅವನು ತನ್ನದೇ ಹೆಸರಿನಲ್ಲಿ ಹತ್ತರಿ ಮಾಡಿದ. ಅವುಗಳ ಮೂತಿಯ ಮೇಲೆ ತನ್ನ ಹೆಸರನ್ನೂ, ತಾನು ರೆಂಥಮ್‌ನಲ್ಲಿ ನೆಲೆಸಿದವನು ಎಂಬುದನ್ನೂ ಅಚ್ಚೊತ್ತುತ್ತಿದ್ದ. ಅಮೆರಿಕದ ಆಫ್ರಿಕನ್ ಮೂಲದ ಉಪಕರಣ ತಯಾರಕರಲ್ಲಿ ದಾಖಲೆಗೆ ಸಿಕ್ಕ ಮೊದಲಿಗ ಚೆಲರ್. ಅವನ ಹತ್ತರಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ನ್ಯೂ ಇಂಗ್ಲೆಂಡಿನ ಹಳೆಯ ಮನೆಗಳ ಚೆಂದದ ಪಟ್ಟಿಗಳನ್ನು ಹೊಗಳುವಾಗ ಆ ಕಾಲದ ಕಾರ್ಯಾಗಾರಗಳಲ್ಲಿ ಇಂಥವರೂ ಇದ್ದರೆಂಬುದು ನೆನಪಿರಬೇಕು.

ಬಡಗಿಗಳಿಗಾಗಿಯೇ ಪುಸ್ತಕಗಳೂ ಬಂದವು. ಸ್ವತಃ ಮರಗೆಲಸ ಕಲಿತಿದ್ದ ಸ್ಕಾಟ್ಲೆಂಡಿನ ಪೀಟರ್ ನಿಕೋಲ್ಸನ್ 1792ರಲ್ಲಿ ಬಡಗಿಗಳಿಗೆ ರೇಖಾಗಣಿತದ ಕೈಪಿಡಿ ಬರೆದ. 1797ರಲ್ಲಿ ಆಶರ್ ಬೆಂಜಮಿನ್, 1805ರಲ್ಲಿ ಓವನ್ ಬಿಡಲ್ ಅಮೆರಿಕದಲ್ಲಿ ಇಂಥ ಪುಸ್ತಕಗಳನ್ನು ಹೊರತಂದರು. ಇವುಗಳ ನೆರವಿನಿಂದ, ರೋಮನ್ನು ಕಣ್ಣಾರೆ ಕಾಣದ ಹಳ್ಳಿಯ ಬಡಗಿಯೂ ರೋಮನ್ ಕಾರ್ನಿಸನ್ನು ಅಳತೆ ತಪ್ಪದೆ ಮಾಡುವಂತಾಯಿತು. ಆದರೆ ಪುಸ್ತಕದ ಮೂಲೆ ಯಾವಾಗಲೂ ನೇರ. ಹಳ್ಳಿಯ ಮನೆಯ ಮೂಲೆಯನ್ನು ಬಡಗಿಯೇ ನೋಡಿಕೊಳ್ಳಬೇಕಿತ್ತು.

1828ರಲ್ಲಿ ವಿಲಿಯಂ ವುಡ್‌ವರ್ತ್ ಅಮೆರಿಕದಲ್ಲಿ ಹಲಗೆ ಹೆರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದಿನ ದಶಕಗಳಲ್ಲಿ ಉಗಿಯ ಬಲದ ಕಾರ್ಖಾನೆಗಳು ಪಟ್ಟಿಗಳನ್ನು ರಾಶಿರಾಶಿಯಾಗಿ ಹೆರೆಯತೊಡಗಿದವು. ಹಗ್ಗ ಎಳೆಯುವ ಹುಡುಗನ ಕೆಲಸ ಹೋಯಿತು, ಆಕಾರ ಹೆರೆಯುವ ಯಜಮಾನನ ಕೆಲಸವೂ ಹೋಯಿತು. ಶ್ರೀಮಂತರ ಮನೆಯ ಅಲಂಕಾರ ಸಾಮಾನ್ಯರ ಕೈಗೆಟುಕಿತು. ಯಂತ್ರ ಕಸಿದುಕೊಳ್ಳದೆ ಬಡಗಿಯ ಕೈಯಲ್ಲಿಯೇ ಉಳಿಸಿದ್ದು ಮೂಲೆಯನ್ನು.

ಸಂದಿ ಹುಟ್ಟುವ ಬಗೆ

ಈಗ ಆ ಮೂಲೆಯನ್ನೇ ಹತ್ತಿರದಿಂದ ನೋಡಬಹುದು. ಎರಡು ಪಟ್ಟಿಗಳನ್ನು ಕೋನದ ಅರ್ಧಕ್ಕೆ ಓರೆಯಾಗಿ ಕೊಯ್ದು ಕೂಡಿಸುವುದಕ್ಕೆ ಮೈಟರ್ ಎನ್ನುತ್ತಾರೆ. ಮೂಲೆ 92 ಡಿಗ್ರಿ ಇದ್ದರೆ ಪ್ರತಿ ತುಂಡನ್ನೂ 46ಕ್ಕೆ ಕೊಯ್ಯಬೇಕು. ಹಾಗಲ್ಲದೆ 45ಕ್ಕೇ ಕೊಯ್ದರೆ 2 ಡಿಗ್ರಿಯ ಬೆಣೆಯಾಕಾರದ ಸಂದಿ ಉಳಿಯುತ್ತದೆ. 2 ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. 100 ಮಿಲಿಮೀಟರ್ ಅಗಲದ ಚಪ್ಪಟೆ ಪಟ್ಟಿಯಲ್ಲಿ ಆ ಬೆಣೆಯ ಬಾಯಿ ಸುಮಾರು 5 ಮಿಲಿಮೀಟರ್ ಆಗುತ್ತದೆ. ಕೆಳಗೆ ನಿಂತವರ ಕಣ್ಣಿಗೆ ಅದು ಕರಿಯ ಗೆರೆಯಾಗಿ ಚುಚ್ಚುತ್ತದೆ.

ಎರಡನೆಯ ತೊಡಕು ಕ್ರೌನ್ ಪಟ್ಟಿಗೇ ಸೇರಿದ್ದು. ಅದು ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಕೆಳಗಿನ ಅಂಚು ಗೋಡೆಗೆ, ಮೇಲಿನ ಅಂಚು ಛಾವಣಿಗೆ ತಗುಲಿ, ನಡುವೆ ಓರೆಯಾಗಿ ನಿಲ್ಲುತ್ತದೆ. ಅದನ್ನು ಗರಗಸದ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿ 45ಕ್ಕೆ ಕೊಯ್ದರೆ ಮೂಲೆ ಕೂಡುವುದೇ ಇಲ್ಲ. ಗೋಡೆಯೊಂದಿಗೆ 38 ಡಿಗ್ರಿ ಮಾಡುವ ಪಟ್ಟಿಯನ್ನು ಮಲಗಿಸಿ ಕೊಯ್ಯುವುದಾದರೆ, ನೇರ ಮೂಲೆಗೆ ಗರಗಸವನ್ನು 31.6 ಡಿಗ್ರಿ ತಿರುಗಿಸಿ 33.9 ಡಿಗ್ರಿ ಓರೆ ಮಾಡಬೇಕು. ಈ ಲೆಕ್ಕದ ಗೋಜಿಲ್ಲದೆ ಹಳೆಯ ಬಡಗಿಗಳು ಸುಲಭದ ದಾರಿ ಕಂಡುಕೊಂಡಿದ್ದರು. ಕೊಯ್ಯುವ ಪೆಟ್ಟಿಗೆಯ ತಳವೇ ಛಾವಣಿ, ಅದರ ಪಕ್ಕದ ಹಲಗೆಯೇ ಗೋಡೆ ಎಂದು ಭಾವಿಸಿ ಪಟ್ಟಿಯನ್ನು ತಲೆಕೆಳಗಾಗಿ ನಿಲ್ಲಿಸುವುದು. ಆಗ ಮೂಲೆಯ ಅರ್ಧಕೋನಕ್ಕೆ ಕೊಯ್ದರೆ ಸಾಕು. ಕಾಗದ ಪೆನ್ಸಿಲ್ಲಿನ ಕೆಲಸವನ್ನು ಒಂದು ಪೆಟ್ಟಿಗೆ ತಾನೇ ಮಾಡಿಕೊಡುತ್ತದೆ.

ಮೂರನೆಯ ತೊಡಕು ಮರದ ಸ್ವಭಾವದ್ದು. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ, ತೇವ ಹೀರಿದಾಗ ಉಬ್ಬುತ್ತದೆ. ಅಗಲ ಬದಲಾಯಿತೆಂದರೆ ಓರೆಕೊಯ್ತದ ಕೋನವೂ ಬದಲಾಯಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ನಾಡುಗಳಲ್ಲಿ ಒಳಗಿನ ಗಾಳಿ ಒಣಗಿ ಮೈಟರ್ ಸಂದಿಗಳು ಬಾಯಿಬಿಡುತ್ತವೆ. ಬೇಸಿಗೆಯಲ್ಲಿ ಮತ್ತೆ ಮುಚ್ಚಿಕೊಳ್ಳುತ್ತವೆ. ಇಂದು ಕೂಡಿದ ಮೂಲೆ ವರ್ಷವಿಡೀ ಕೂಡಿಯೇ ಇರುತ್ತದೆ ಎನ್ನುವ ಭರವಸೆಯಿಲ್ಲ.

ಈ ತೊಡಕುಗಳನ್ನು ಒಳಮೂಲೆಯಲ್ಲಿ ಪಳಗಿಸಲು ಬಡಗಿಗಳು ಕಂಡುಕೊಂಡ ಉಪಾಯಕ್ಕೆ ಕೋಪಿಂಗ್ ಎಂದು ಹೆಸರು. ಮೊದಲ ಪಟ್ಟಿಯನ್ನು ಓರೆ ಮಾಡದೆ, ನೇರವಾಗಿ ಕೊಯ್ದು ಮೂಲೆಯ ಗೋಡೆಗೆ ತಾಗಿಸಿ ಕೂರಿಸುತ್ತಾರೆ. ಎರಡನೆಯದನ್ನು ಮೊದಲು ಓರೆಯಾಗಿ ಕೊಯ್ಯುತ್ತಾರೆ. ಆಗ ಪಟ್ಟಿಯ ಉಬ್ಬುತಗ್ಗುಗಳ ಆಕಾರ ಕೊಯ್ದ ಅಂಚಿನಲ್ಲಿ ಗೆರೆಯಾಗಿ ಕಾಣುತ್ತದೆ. ಸಪೂರ ಅಲಗಿನ ಗರಗಸದಿಂದ ಆ ಗೆರೆಯನ್ನೇ ಹಿಡಿದು, ಹಿಂಬದಿಯ ಮರವನ್ನು ತುಸು ಹೆಚ್ಚಾಗಿ ಓರೆ ತೆಗೆಯುತ್ತ ಕೊಯ್ಯುತ್ತಾರೆ. ಅರದಿಂದಲೂ ಉಪ್ಪುಕಾಗದದಿಂದಲೂ ತಿದ್ದುತ್ತಾರೆ. ಉಳಿಯುವುದು ಮುಂದಿನ ತೆಳು ಅಂಚು ಮಾತ್ರ. ಅದು ಮೊದಲ ಪಟ್ಟಿಯ ಮೈಮೇಲೆ, ಕೀಲಿಗೆ ಬೀಗದಂತೆ, ಹೋಗಿ ಕೂರುತ್ತದೆ.

ಇದರ ಜಾಣ್ಮೆ ಇರುವುದು ಎರಡು ಕಡೆ. ಮೂಲೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಇದ್ದರೂ ಹಿಂಬದಿ ಖಾಲಿಯಿರುವುದರಿಂದ ಮುಂದಿನ ಅಂಚು ತಾಗಿಯೇ ತಾಗುತ್ತದೆ. ಮರ ಕುಗ್ಗಿದರೂ ಒಂದರ ಮೇಲೊಂದು ಕೂತದ್ದರಿಂದ ಸಂದಿ ಎದ್ದು ಕಾಣುವುದಿಲ್ಲ. ಮೈಟರ್ ಮಾಡುವವನು ಎರಡು ಪಟ್ಟಿಗಳಿಗೂ ಸಮಪಾಲು ಹಂಚುತ್ತಾನೆ. ಕೋಪಿಂಗ್ ಮಾಡುವವನು ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಅದಕ್ಕೆ ಒಗ್ಗಿಸುತ್ತಾನೆ. ಹೊರಮೂಲೆಯಲ್ಲಿ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಮೈಟರೇ ಗತಿ, ಕೋನವನ್ನು ಅಳೆಯದೆ ಬೇರೆ ದಾರಿಯಿಲ್ಲ.

ಕಪಾಟಿನ ನೆತ್ತಿ

ಹೊರಮೂಲೆಗಳೇ ಎದುರಾಗುವ ಜಾಗ ಅಡುಗೆಮನೆ. ಅಲ್ಲಿಗೆ ಈ ಪಟ್ಟಿ ಬಂದದ್ದು ತಡವಾಗಿ. 19ನೇ ಶತಮಾನದವರೆಗೆ ಅಮೆರಿಕದ ಅಡುಗೆಮನೆಯಲ್ಲಿ ಇದ್ದದ್ದು ಬಿಡಿ ಮೇಜು, ಬಿಡಿ ಕಪಾಟು. 20ನೇ ಶತಮಾನದ ಆರಂಭದಲ್ಲಿ ಹಿಟ್ಟಿನ ಡಬ್ಬ, ಸಾಂಬಾರದ ಡಬ್ಬ, ಕೆಲಸದ ಹಲಗೆ ಎಲ್ಲವೂ ಒಂದೇ ಕಪಾಟಿನಲ್ಲಿ ಅಡಗಿದ ಹೂಸಿಯರ್ ಕಪಾಟುಗಳು ಅಲ್ಲಿ ಮನೆಮಾತಾದವು. 1926ರಲ್ಲಿ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಕೇವಲ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದರು. ಅಂಥವು ಸುಮಾರು 10,000 ನಿರ್ಮಾಣವಾದವು. ಗೋಡೆಗೆ ಒತ್ತಿ ನಿಂತ ಸಾಲು ಕಪಾಟುಗಳ ಇಂದಿನ ಅಡುಗೆಮನೆಗೆ ಅದೇ ಅಜ್ಜಿ. ಹೆಂಗಸರ ನಡಿಗೆ, ದಣಿವು ಕಡಿಮೆಯಾಗಲಿ ಎಂಬುದು ಅದರ ಗುರಿ. ಧೂಳು ಕೂರುವ ಅಲಂಕಾರದ ಅಂಚುಗಳಿಗೆ ಅದರಲ್ಲಿ ಜಾಗವಿರಲಿಲ್ಲ.

ಹಾಗಾದರೆ ಕಿರೀಟ ಮತ್ತೆ ಏಕೆ ಬಂತು? ಉತ್ತರ ಅಳತೆಯಲ್ಲಿದೆ. ಅಮೆರಿಕದಲ್ಲಿ ರೂಢಿಯಾದ ಕೆಳಗಿನ ಕಟ್ಟೆಯ ಎತ್ತರ 36 ಅಂಗುಲ. ಅದರ ಮೇಲೆ 18 ಅಂಗುಲ ಬಿಟ್ಟು 30 ಅಂಗುಲದ ಮೇಲಿನ ಕಪಾಟು. ಒಟ್ಟು 84 ಅಂಗುಲ, ಅಂದರೆ 7 ಅಡಿ. ಛಾವಣಿ ಇರುವುದು 8 ಅಡಿಗೆ. ನಡುವೆ ಒಂದು ಅಡಿ ಬರಿದು. ಕೆಲವರು ಅದನ್ನು ಪೆಟ್ಟಿಗೆಯಂತೆ ಮುಚ್ಚಿದರು. ಉಳಿದವರು ಕಪಾಟಿನ ನೆತ್ತಿಗೆ ಪಟ್ಟಿ ಸುತ್ತಿ, ಕಪಾಟು ಅಲ್ಲಿಗೆ ನಿಂತದ್ದು ಬೇಕೆಂದೇ ಎಂಬ ಭಾವ ಬರಿಸಿದರು. ಗ್ರೀಕರ ಪಟ್ಟಿ ಮಾಡುತ್ತಿದ್ದ ಕೆಲಸವೇ ಇದು. ಒಂದು ವಸ್ತು ಎಲ್ಲಿ ಮುಗಿಯಿತೆಂದು ಹೇಳುವುದು.

ಕಪಾಟಿನ ನೆತ್ತಿಯಲ್ಲಿ ಪಟ್ಟಿ ಕೂರಿಸುವವರ ಕ್ರಮ ಹೀಗಿರುತ್ತದೆ. ಕಪಾಟಿನ ಮೇಲಂಚು ತೆಳುವಾದ್ದರಿಂದ ಮೊಳೆ ಹಿಡಿಯಲು ಮೊದಲು ಒಂದು ಮರದ ರೀಪನ್ನು ಮೇಲೆ ಬಿಗಿಯುತ್ತಾರೆ. ಮುಂಭಾಗದ ತುಂಡಿಗೆ ಎರಡೂ ತುದಿಗಳಲ್ಲಿ ಹೊರಮೂಲೆ. ಪಕ್ಕದ ತುಂಡುಗಳಿಗೆ ಒಂದು ತುದಿಯಲ್ಲಿ ಹೊರಮೂಲೆ, ಇನ್ನೊಂದು ತುದಿ ಗೋಡೆಗೆ. ಆದ್ದರಿಂದ ಮುಂಭಾಗವನ್ನು ಮೊದಲು ಹೊಂದಿಸಿ, ಪಕ್ಕದವನ್ನು ಆಮೇಲೆ ತರುತ್ತಾರೆ. ಗೋಡೆಯ ಕಡೆ ಕೂದಲೆಳೆ ಹೆಚ್ಚುಕಡಿಮೆಯಾದರೆ ಮುಚ್ಚಬಹುದು, ಮುಂದಿನ ಮೂಲೆಯಲ್ಲಿ ಮುಚ್ಚಲಾಗದು. ಅಸಲು ಪಟ್ಟಿಯನ್ನು ಮುಟ್ಟುವ ಮೊದಲು ಅದೇ ಪಟ್ಟಿಯ ಎರಡು ಚೂರುಗಳನ್ನು ಕೊಯ್ದು ಮೂಲೆಗೆ ಹಿಡಿದು ನೋಡುತ್ತಾರೆ. ಸಂದಿ ಮುಂದೆ ಬಾಯಿಬಿಟ್ಟಿದೆಯೋ ಹಿಂದೆ ಬಾಯಿಬಿಟ್ಟಿದೆಯೋ ಎಂಬುದರಿಂದ ಕೋನ ಎತ್ತ ತಿದ್ದಬೇಕೆಂದು ತಿಳಿಯುತ್ತದೆ. ಕೊಯ್ಯುವಾಗ ತುಸು ಉದ್ದವಾಗಿಯೇ ಕೊಯ್ದು, ಸವರುತ್ತ ಸರಿಗೆ ತರುತ್ತಾರೆ. ಹೊರಮೂಲೆಗೆ ಅಂಟು ಹಚ್ಚಿ, ಸಣ್ಣ ಮೊಳೆಯಿಂದ ಹಿಡಿಸುತ್ತಾರೆ.

ಪಟ್ಟಿ ಛಾವಣಿಯವರೆಗೂ ಹೋಗುವುದಿದ್ದರೆ ಇನ್ನೊಂದು ಪರೀಕ್ಷೆ. ಛಾವಣಿ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಇರಬಹುದು. ಪಟ್ಟಿ ಯಾವುದನ್ನು ಅನುಸರಿಸಬೇಕು, ಛಾವಣಿಯನ್ನೋ ಕಪಾಟನ್ನೋ? ಅನುಭವಿಗಳು ಕಪಾಟಿನ ಬಾಗಿಲುಗಳ ಮೇಲಂಚನ್ನೇ ಹಿಡಿಯುತ್ತಾರೆ. ನೋಡುವವರ ಕಣ್ಣು ಪಟ್ಟಿಯನ್ನು ಹೋಲಿಸುವುದು ಬಾಗಿಲಿನ ಗೆರೆಯೊಂದಿಗೆ. ಪಟ್ಟಿಗೂ ಛಾವಣಿಗೂ ನಡುವಿನ ಏರುಪೇರನ್ನು ಇನ್ನೊಂದು ಚಪ್ಪಟೆ ರೀಪನ್ನು ಛಾವಣಿಯ ಓರೆಗೆ ತಕ್ಕಂತೆ ಸವರಿ ಮುಚ್ಚುತ್ತಾರೆ. ಮೂಲೆಯ ಕಂಬವನ್ನು ಒಳಕ್ಕೆ ಸರಿಸಿದ ಪಾರ್ಥೆನಾನಿನವರು ಮಾಡಿದ್ದೂ ಇದನ್ನೇ. ಎಲ್ಲ ಅಳತೆಯನ್ನೂ ಒಟ್ಟಿಗೆ ಪಾಲಿಸಲಾಗದಿದ್ದಾಗ, ಕಣ್ಣಿಗೆ ಕಾಣುವ ಅಳತೆಯನ್ನು ಉಳಿಸಿಕೊಂಡರು.

ಸಂದಿಗೆ ಪುಟ್ಟಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಹೊಸ ಮನೆಗಳಲ್ಲೂ ಸಾಲು ಕಪಾಟುಗಳ ಅಡುಗೆಮನೆ ಈಗ ಸಾಮಾನ್ಯ. ಛಾವಣಿಯಂಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಪಟ್ಟಿ, ಬಾಗಿಲಿಗೆ ಮರದ ಬೀಡಿಂಗ್ ಬರುತ್ತವೆ. ಕಪಾಟು ಕಾರ್ಖಾನೆಯಲ್ಲಿ ಯಂತ್ರದ ಕರಾರುವಾಕ್ಕಿನಲ್ಲಿ ತಯಾರಾಗಿ ಬರುತ್ತದೆ. ಅದು ಹೋಗಿ ನಿಲ್ಲುವ ಗೋಡೆ ಮಾತ್ರ ಕರಣೆ ಹಿಡಿದ ಕೈ ಕಟ್ಟಿದ್ದು. ಆದ್ದರಿಂದ ಕೊನೆಯ ದಿನ, ಕೊನೆಯ ಕೆಲಸವಾಗಿ, ಮೂಲೆಯ ಪಟ್ಟಿ ಕೂರಿಸಲು ಬರುವವನ ಮೇಲೆ ಎಲ್ಲರ ತಪ್ಪಿನ ಹೊರೆಯೂ ಬೀಳುತ್ತದೆ. ಗೋಡೆ ಓರೆಯಾಗಿದ್ದರೆ ಗೋಡೆ ಕಟ್ಟಿದವನನ್ನು ಯಾರೂ ಕೇಳುವುದಿಲ್ಲ. ಸಂದಿ ಬಿಟ್ಟಿತೆಂದು ಬೈಸಿಕೊಳ್ಳುವವನು ಬಡಗಿ.

ಅವನಿಗೆ ಸಿಗುವ ಸಮಯವೂ ಅಷ್ಟಕ್ಕಷ್ಟೆ. ಪಟ್ಟಿಯ ಕೂಲಿಯನ್ನು ಅಡಿಯ ಲೆಕ್ಕದಲ್ಲಿ ಮಾತಾಡಿದರೆ, ಹತ್ತು ಅಡಿ ನೇರ ಗೋಡೆಗೂ ನಾಲ್ಕು ಮೂಲೆಗಳಿರುವ ಹತ್ತು ಅಡಿಗೂ ಒಂದೇ ದರ. ಆಗ ಎರಡು ಚೂರು ಕೊಯ್ದು ಹಿಡಿದು ನೋಡುವ ಹತ್ತು ನಿಮಿಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಣ್ಣುಮುಚ್ಚಿ 45ಕ್ಕೆ ಕೊಯ್ದು, ಉಳಿದ ಸಂದಿಗೆ ಪುಟ್ಟಿ ತುಂಬಿ, ಬಣ್ಣ ಬಳಿದು ಹೋಗುವುದೇ ಅವನಿಗೆ ಗಿಟ್ಟುತ್ತದೆ. ಕೂದಲೆಳೆಯಷ್ಟು ಸಂದಿಗೆ ಪುಟ್ಟಿ ತಪ್ಪಲ್ಲ, ಒಳ್ಳೆಯ ಬಡಗಿಯೂ ಬಳಸುತ್ತಾನೆ. 5 ಮಿಲಿಮೀಟರಿಗೆ ತುಂಬಿದ ಪುಟ್ಟಿ ಮಾತ್ರ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು ಬಿಡುತ್ತದೆ. ಕೆಲಸ ಮಾಡಿಸುವವರು ಅಡಿಯ ಜೊತೆಗೆ ಮೂಲೆಯನ್ನೂ ಎಣಿಸಿ ಕೂಲಿ ನಿಗದಿ ಮಾಡಿದರೆ ಈ ವಿದ್ಯೆ ಬದುಕುತ್ತದೆ. ಯಾರಿಗೂ ದುಡ್ಡು ಹುಟ್ಟಿಸದ ಕೈಚಳಕವನ್ನು ಹುಡುಗರು ಕಲಿಯಲಿ ಎಂದು ಬಯಸುವುದು ನ್ಯಾಯವಲ್ಲ.

ಸೋಮನಾಥಪುರದಲ್ಲಿ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ರೆಂಥಮ್‌ನ ಚೆಲರ್ ತನ್ನ ಹತ್ತರಿಯ ಮೂತಿಯ ಮೇಲೆ ಹೆಸರೊತ್ತಿದ. ಮೂಲೆ ಕೂಡಿಸಿದವರಿಗೆ ಹಾಗೆ ಹೆಸರು ಬರೆಯಲು ಜಾಗವೇ ಇರುವುದಿಲ್ಲ. ಅವರ ಕೆಲಸ ಚೆನ್ನಾಗಿದ್ದಷ್ಟೂ ಅಲ್ಲೊಂದು ಕೂಡುಗೆರೆ ಇತ್ತೆಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ಮುಂದಿನ ಸಲ ಸೋಮನಾಥಪುರದ ಜಗತಿಯ ಮೇಲೆ ನಡೆಯುವವರು ಮೂರ್ತಿಗಳನ್ನು ನೋಡಿ ಮುಗಿದ ಮೇಲೆ, ಮೊಣಕಾಲೆತ್ತರದ ಆ ಪಟ್ಟಿಗಳನ್ನು ಒಂದು ಒಳಮೂಲೆಯಲ್ಲಿ ಬಗ್ಗಿ ನೋಡಬೇಕು. ಮನೆಗೆ ಮರಳಿದ ಮೇಲೆ ಅಡುಗೆಮನೆಯ ಕಪಾಟಿನ ನೆತ್ತಿಯನ್ನೂ ಒಮ್ಮೆ ತಲೆಯೆತ್ತಿ ನೋಡಬೇಕು.